ಏಳು ವರ್ಷದ ಮುಖ

ಕಲಾ ತರಗತಿಯಲ್ಲಿ ಅವಳು ಸೆರಾಮಿಕ್ ಮುಖವಾಡಕ್ಕೊಂದು ವಿನ್ಯಾಸ ಆರಿಸಬೇಕಿತ್ತು.

“ನಿಮ್ಮಜ್ಜಿ ಕಥೇಲಿ ಬರೋ ರಾಕ್ಷಸೀನ ಮಾಡೇ, ನಿನಗೆ ಚೆನ್ನಾಗಿ ಒಪ್ಪತ್ತೆ,” ಎಂದು ಗೆಳತಿ ಛೇಡಿಸಿದಳು.

“ಬೇಡ ಕಣೇ. ನನ್ನದೇ ಮುಖ ಮಾಡ್ತೀನಿ, ಏಳು ವರ್ಷದವಳಿದ್ದಾಗಿನದು. ಅಜ್ಜಿಗೆ ಮರೆವು. ನನ್ನ ನೋಡಿ ಯಾರಮ್ಮಾ ನೀನು ಅಂತಾಳೆ. ಆ ಪುಟ್ಟ ಹುಡುಗೀನ ದಿನವಿಡೀ ಹುಡುಕ್ತಾಳೆ.”

ಹಳೆಯ ಫೋಟೊ ಮುಂದಿಟ್ಟುಕೊಂಡು ಕೆನ್ನೆಯ ಗುಳಿಯನ್ನೂ ಬಿಡದೆ ತಿದ್ದಿದಳು. ಸುಟ್ಟು ಗಟ್ಟಿಯಾದ ಮುಖವಾಡವನ್ನು ಮನೆಗೆ ತಂದವಳೇ ಕಟ್ಟಿಕೊಂಡು ಅಜ್ಜಿಯ ಮುಂದೆ ಕೂತಳು.

“ಅಜ್ಜೀ, ಬಂದೆ ನೋಡು. ಕಥೆ ಹೇಳ್ತೀಯಾ?”

ಅಜ್ಜಿ ಆ ಗುಳಿಯನ್ನು ಬೆರಳಿನಿಂದ ಸವರಿದಳು. ಅವಳ ಕಣ್ಣು ತುಂಬಿ ಬಂತು. ಮರುಕ್ಷಣವೇ ಗೋಡೆಗೆ ಸರಿದು ಚೀರಿದಳು:

“ಅಯ್ಯೋ ರಾಕ್ಷಸೀ! ನನ್ನ ಮಗೂನ ತಿಂದು, ಅದರ ಮುಖ ಹಾಕ್ಕೊಂಡು ಬಂದಿದೀಯಾ?”