ಹೊಗೆಯ ದಾರಿ

"ಇದ ತಗ್ದ್‌ಬುಡು" ಎಂದು ರುದ್ರಸ್ವಾಮಿ ಲ್ಯಾಪ್‌ಟಾಪಿನ ಪರದೆಗೆ ಬೆರಳು ಕುಟ್ಟಿದಾಗ ಸೊಸೆ ಶಾಂಭವಿಗೆ ಮೈಯೆಲ್ಲ ಉರಿದುಹೋಯಿತು. ಮನೆಗಳ ನಕ್ಷೆ ಮಾಡುವುದೇ ಅವಳ ಕೆಲಸ. ದೊಡ್ಡಗಾಜನೂರಿನಲ್ಲಿ ಕಟ್ಟಲಿದ್ದ ತಮ್ಮದೇ ಹೊಸ ಮನೆಯನ್ನು ಗೋಡೆ, ನೀರಿನ ಪೈಪು ಸಮೇತ ಪರದೆಯ ಮೇಲೆ ನಿಲ್ಲಿಸಿದ್ದಳು. ಮಾವ ಬೆರಳಿಟ್ಟದ್ದು ಸೌದೆ ಒಲೆಯ ಮೇಲಿಂದ ಹೊರಟು ಮುಂದಿನ ಗೋಡೆಯಾಚೆ ಹೊಗೆ ಬಿಡುವ ತಗಡಿನ ಕೊಳವೆಯ ಮೇಲೆ.

"ಅತ್ತೆಗೆ ಉಬ್ಬಸ, ಮಾವ. ಒಗೆ ಆಚೆ ಓಗ್ಬೇಕಲ್ಲ."

"ಮುಂದ್ಗಡೆ ಗೋಡೇಲಿ ತೂತಿದ್ರೆ ನೋಡ್ದೋರು ನಗ್ತಾರೆ. ಇಷ್ಟೊರ್ಷ ಅವ್ಳು ಒಗೇಲೇ ಬೇಯಿಸ್ಲಿಲ್ವಾ? ಏನಾಗದೆ ಅವ್ಳಿಗೆ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಶಿವಮಲ್ಲಮ್ಮ ಸೆರಗನ್ನು ಬಾಯಿಗೊತ್ತಿ ಕೆಮ್ಮಿದರು. ಶಾಂಭವಿ ಹಲ್ಲು ಕಚ್ಚಿ ಮೌಸ್ ಹಿಡಿದಳು. ಕೊಳವೆಯನ್ನು ಅಳಿಸಲಿಲ್ಲ, ನಡುವೆ ತಿರುಗಿಸಿ, ಅದರ ಬಾಯನ್ನು ಮಾವನ ಕೋಣೆಯೊಳಗೆ, ಮಂಚದ ಮೇಲಕ್ಕೆ ತಂದು ನಿಲ್ಲಿಸಿದಳು.

"ಗೋಡೇಲಿ ತೂತಿಲ್ಲ, ನೋಡ್ಕಳಿ. ಒಗೆ ಈಗ ನಿಮ್ ಮಂಚಕ್ಕೇ ಬತ್ತದೆ. ಅತ್ತೆ ಕುಡ್ದಿದ್ದ ನೀವೂ ಒಸಿ ಕುಡೀರಿ."

"ಯಾರ್ ಮುಂದೆ ಏನ್ ಮಾತಾಡ್ತಿದ್ದೀಯೆ?" ಎಂದು ಗಂಡ ಉಮಾಶಂಕರ್ ಎದ್ದ. ಅಷ್ಟರಲ್ಲಿ, ಗಂಡನೆದುರು ಎಂದೂ ಕೂರದ ಶಿವಮಲ್ಲಮ್ಮ ಬಂದು ಸೊಸೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಪರದೆಯನ್ನು ದಿಟ್ಟಿಸಿ ನೋಡಿದರು.

"ಅಂಗೇ ಇರ್ಲಿ ಬುಡವ್ವ. ಸರ್ಯಾಗೇ ಅದೆ."

ರುದ್ರಸ್ವಾಮಿಯ ಮೀಸೆ ಅದುರಿತು. ಹೆಂಡತಿ ಮುಖ ತಗ್ಗಿಸಲಿಲ್ಲ. ಕೊನೆಗೆ ಅವರೇ ಬೇರೆಡೆ ನೋಡುತ್ತ, "ಮುಂದ್ಗಡೆ ಗೋಡೆಗೇ ಬುಡು" ಎಂದು ಗೊಣಗಿದರು.

ಶಾಂಭವಿ ಅತ್ತೆಯ ಕಡೆ ತಿರುಗಿದಳು. ಅವರು ತಲೆಯಾಡಿಸುವವರೆಗೂ ಮೌಸ್ ಮುಟ್ಟಲಿಲ್ಲ.