ಕೆಂಪೇರಿದ ಕೆನ್ನೆ

ಎಚ್ಚರ ತಪ್ಪಿದ ಬಾಣಂತಿ ಮಗಳನ್ನು ತಾಯಿ ಆಟೋದಲ್ಲಿ ಆಸ್ಪತ್ರೆಗೆ ತಂದಳು.

“ಹಡದಾಗಿಂದ ಬಿಳಿಚಿಕೊಂಡಿದ್ಲರಿ. ಇವತ್ತ ಕೆನ್ನಿಗೆ ಬಣ್ಣ ಬಂತಂತ ಖುಷಿಪಟ್ಟೆ. ಎಬ್ಬಿಸಿದ್ರ ಏಳವಲ್ಲಳು!”

ಆ ಕೆಂಪು ಕಂಡದ್ದೇ ಡಾಕ್ಟರು ಆಮ್ಲಜನಕದ ಮಾಸ್ಕ್ ಹಾಕಿದರು.

“ಕೋಣೆಯಲ್ಲಿ ಕೆಂಡ ಇಟ್ಟಿದ್ರಾ?”

“ಹೂನ್ರಿ, ಥಂಡಿ ಆಗಬಾರದಂತ. ಕಿಡಕಿನೂ ಮುಚ್ಚಿದ್ದೆ.”

“ಕೆಂಡದ ವಿಷಗಾಳಿ ರಕ್ತಕ್ಕೆ ಅಂಟಿಕೊಂಡಿದೆಯಮ್ಮ. ಆಮ್ಲಜನಕ ಹೊರಬೇಕಾದ ರಕ್ತ ಅದನ್ನೇ ಹೊತ್ತು ತಿರುಗುತ್ತಿದೆ. ಈ ಬಣ್ಣ ಅದರದೇ. ಸದ್ಯ, ಬೇಗ ತಂದಿರಿ, ಉಳೀತಾಳೆ.”

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮಗು ಎಲ್ಲಿ?” ಡಾಕ್ಟರು ಕೇಳಿದರು.

“ಅದೇ ಕೋಣ್ಯಾಗ ಮಲಗೇತ್ರಿ. ಕೆಂಡಾ ಆರದಂಗ ನೋಡ್ಕೋ ಅಂತ ಸೊಸಿಗೆ ಹೇಳಿ, ಗಾಳಿ ಬಡೀಬಾರದಂತ ಕದಾ ಬಿಗಿಯಾಗಿ ಹಾಕಿ ಬಂದೀನ್ರಿ.”