ಒಂದು ದೋಣಿಗೆ ಎರಡು ಹಗ್ಗ

ಚಿತ್ತಾಕುಲದ ದಂಡೆಯಲ್ಲಿ ಅಲೆ ಮತ್ತೊಮ್ಮೆ ದೋಣಿಯೊಳಗೆ ನುಗ್ಗಿತು. ಜಗದೀಶ ಬಲಕ್ಕೆ, ತಮ್ಮ ದತ್ತಾ ಎಡಕ್ಕೆ, ದೋಣಿಯನ್ನು ಮರಳಿನ ಮೇಲೆ ತರಲು ದೂರ ದೂರ ನಿಂತೇ ಹಗ್ಗ ಎಳೆಯುತ್ತಿದ್ದರು. ಚೌತಿಯ ಗಣಪತಿ ಯಾರ ಮನೆಯಲ್ಲಿ ಕೂರಬೇಕೆಂದು ಜಗಳವಾದ ಮೇಲೆ ಇಬ್ಬರೂ ಹತ್ತಿರ ಬಂದವರಲ್ಲ.

“ಜೋರಾಗಿ ಎಳಿ ಅನ್ನು ನಿನ್ನ ಕಾಕಾನಿಗೆ!” ಜಗದೀಶ ಮಗಳಿಗೆ ಗುಡುಗಿದ.

“ನಿನ್ನ ಬಾಬಾನಿಗೇ ಹೇಳು!” ಎಂದ ದತ್ತಾ.

ಪಿಯುಸಿ ಓದುವ ಚಂದನಾಳಿಗೆ ತಲೆ ಕೆಟ್ಟಿತು. “ಬಲ ಇದೆ, ಬುದ್ಧಿ ಇಲ್ಲ ನಿಮಗೆ! ಹಗ್ಗದ ಕೋನ ಅಗಲ ಆದಷ್ಟೂ ಫಲಿತ ಬಲ ಕಮ್ಮಿ. ದೋಣಿ ಬಿಟ್ಟು ಒಬ್ಬರನ್ನೊಬ್ಬರು ಎಳೀತಾ ಇದ್ದೀರಿ!” ಎನ್ನುತ್ತ ಕಾಕಾನನ್ನು ಹಗ್ಗದ ಸಮೇತ ದರದರ ಎಳೆದು ತಂದು ಬಾಬಾನ ಪಕ್ಕ ನಿಲ್ಲಿಸಿದಳು.

ಭುಜಕ್ಕೆ ಭುಜ ತಾಗಿತು. ದೋಣಿ ಮರಳು ಕೆರೆಯುತ್ತ ಮೇಲೆ ಬಂತು.

“ಕಾಲು ತುಳೀಬೇಡವೋ, ಕತ್ತೆ!” ಜಗದೀಶ ಅರಚಿದ. ಚೌತಿಯ ನಂತರ ತಮ್ಮನಿಗೆ ಅವನು ನೇರವಾಗಿ ಆಡಿದ ಮೊದಲ ಮಾತು ಅದು.